ಬೇಗ ಪತ್ತೆಯಾದ ದರ್ಜಿ

ದೊಡ್ಡ ಕರುಳಿನ ಕ್ಯಾನ್ಸರನ್ನು ರಕ್ತದಲ್ಲೇ ಬೇಗ ಪತ್ತೆ ಹಚ್ಚುವುದು ಆಸ್ಪತ್ರೆಯ ಮೂರನೇ ಮಹಡಿಯ ಕೆಲಸ. ಚಿಕಿತ್ಸೆ ಕೊಡುವುದು ನೆಲಮಹಡಿಯ ಕೆಲಸ. ಎರಡೂ ಮಹಡಿಗಳು ತಮ್ಮ ಕೆಲಸದಲ್ಲಿ ಎಂದೂ ತಪ್ಪಿದ್ದಿಲ್ಲ.

ಬಟ್ಟೆ ಕತ್ತರಿಸುವಾಗ ಚಿಂದಿ ಉದುರುವಂತೆ, ಗಡ್ಡೆಯೂ ತನ್ನ ಡಿಎನ್‌ಎ ಚೂರುಗಳನ್ನು ರಕ್ತಕ್ಕೆ ಉದುರಿಸುತ್ತದೆ ಎಂದು ಲ್ಯಾಬಿನವಳು ಹೇಳಿದಾಗ, ರಕ್ತ ಪರೀಕ್ಷೆಗೆ ಬಂದಿದ್ದ ದರ್ಜಿಗೆ ತಟ್ಟನೆ ಅರ್ಥವಾಯಿತು. ತನ್ನದು ಮೊದಲ ಹಂತ, ಈಗಲೇ ಕೊಯ್ದು ತೆಗೆದರೆ ಬದುಕುತ್ತೇನೆ ಎಂಬುದೂ ಅರ್ಥವಾಯಿತು. ಮೂರನೇ ಮಹಡಿಯವರು ಸಂಭ್ರಮದಿಂದ ಅವನ ಫೋಟೋ ತೆಗೆದು, ‘ಬೇಗ ಪತ್ತೆ, ಬೇಗ ಗೆಲುವು’ ಎಂದು ಅಚ್ಚುಹಾಕಿ ಊರಿನ ಗೋಡೆಗೋಡೆಗೂ ಅಂಟಿಸಿದರು.

ನೆಲಮಹಡಿಯ ಡಾಕ್ಟರು ಬಾಧೆ ಏನೆಂದು ಕೇಳಿದರು. ಏನೂ ಇಲ್ಲ ಎಂದ ದರ್ಜಿ.

“ನೋವೇ ಇಲ್ಲದವರನ್ನ ಗುಣ ಮಾಡಿದ್ರೆ, ಗುಣವಾಯ್ತು ಅಂತ ಗೊತ್ತಾಗೋದು ಹೇಗೆ? ತುಂಬಾ ಬೇಗ ಬಂದ್ಬಿಟ್ಟಿದ್ದೀರಿ. ನೋವು ಶುರುವಾದ ಮೇಲೆ ಬನ್ನಿ.”

ಹೆಂಡತಿ ದಾರಿಯುದ್ದಕ್ಕೂ ಬೈದಳು. “ನಾಳೆ ಬನ್ನಿ, ಬಟ್ಟೆ ರೆಡಿ ಇರುತ್ತೆ ಅಂತ ಊರಿಗೆಲ್ಲ ಸುಳ್ಳು ಹೇಳ್ತೀರ. ಹೊಟ್ಟೆನೋವು ಅಂತ ಇಲ್ಲೊಂದು ಹೇಳೋಕೆ ಬಾಯಿ ಬರಲಿಲ್ವಾ?”

ಸುಳ್ಳು ಬೇಕಾಗಲಿಲ್ಲ. ಕೆಲವು ತಿಂಗಳಲ್ಲಿ ನೋವು ತಾನಾಗಿಯೇ ಬಂತು. ದರ್ಜಿ ನೆಮ್ಮದಿಯಿಂದ ಆಸ್ಪತ್ರೆಗೆ ಹೋದ. ಮತ್ತೆ ರಕ್ತ ತೆಗೆದರು. ಚೂರುಗಳು ಲೆಕ್ಕಕ್ಕೆ ಸಿಗದಷ್ಟಾಗಿದ್ದವು. ಹಂತ ಏರಿರಬಹುದೆಂದು ಲ್ಯಾಬಿನವಳು ತಗ್ಗಿದ ದನಿಯಲ್ಲಿ ಹೇಳಿದಳು. ಮೂರನೇ ಮಹಡಿಯಲ್ಲಿ ತುರ್ತು ಸಭೆ ಸೇರಿತು. ಹಂತ ಏರಿದರೆ ಊರಿನ ಗೋಡೆಗಳೆಲ್ಲ ಸುಳ್ಳಾಗುತ್ತವೆ. ಆದ್ದರಿಂದ ಸಭೆ ಹೀಗೆ ನಿರ್ಣಯಿಸಿತು: ‘ಬೇಗ ಪತ್ತೆಯಾದ ವ್ಯಕ್ತಿಯು ಬೇಗ ಪತ್ತೆಯಾದವನಾಗಿಯೇ ಮುಂದುವರಿಯತಕ್ಕದ್ದು. ಸದರಿಯವರ ಹಂತವು ಮೊದಲನೆಯದೇ ಆಗಿರುತ್ತದೆ.’

ದರ್ಜಿ ಹೊಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದು ನೆಲಮಹಡಿಗೆ ಬಂದ. ಡಾಕ್ಟರು ಈ ಸಲ ಅವನನ್ನು ಕೂರಿಸಿ, ಹೊಟ್ಟೆ ಒತ್ತಿ ನೋಡಿದರು. ಅವನು ಹಲ್ಲು ಕಚ್ಚಿದ.

“ನೋವೇನೋ ಇದೆ, ಒಪ್ಪಿದೆ,” ಎಂದರು ಡಾಕ್ಟರು. “ಆದ್ರೆ ನಿಮ್ಮದು ಮೊದಲ ಹಂತ. ಈ ಹಂತದಲ್ಲಿ ನೋವು ಬರೋದಿಲ್ಲ. ಅಂದ್ಮೇಲೆ ಇದು ನಿಮ್ಮದಲ್ಲ. ಬೇರೆಯವರ ನೋವಿಗೆ ನಿಮ್ಮನ್ನ ಕೊಯ್ದರೆ ನಾಳೆ ನನ್ನನ್ನ ಕೇಳ್ತಾರೆ.”

ದರ್ಜಿಗೆ ಅದೂ ನ್ಯಾಯವೆನಿಸಿತು. ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿಯಲಾದೀತೆ?

ಸಂಜೆ ಹೊಲಿಗೆ ಯಂತ್ರದ ಮೇಲೆ ಬಾಗಿ ಮುದುಡಿ ಕೂತವನನ್ನು ಕಂಡು ಹೆಂಡತಿ ಹತ್ತಿರ ಬಂದಳು. “ನೋಯ್ತಿದೆಯಾ?”

“ನೋಯ್ತಿದೆ ಕಣೇ. ಆದ್ರೆ ನನ್ನದಲ್ಲವಂತೆ.”

ಅವಳು ನಿಟ್ಟುಸಿರು ಬಿಟ್ಟಳು.

“ಪಾಪ, ಯಾರದೋ ಏನೋ,” ಎಂದು ಅವನ ಬೆನ್ನು ನೀವತೊಡಗಿದಳು.