ರವಿವಾರದ ನಿದ್ರೆಯೂ ಮಗಳ ಸಂಗಡಿಗರೂ

ಶನಿವಾರ ಸಂಜೆ ನಮ್ಮ ಮನೆಯ ಕರೆಗಂಟೆ ಒಂದೇ ಸಮನೆ ಬಾರಿಸತೊಡಗಿತೆಂದರೆ, ಮರುದಿನ ಮಧ್ಯಾಹ್ನದ ನನ್ನ ನಿದ್ರೆ ಹೋಯಿತೆಂದೇ ತಿಳಿಯಬೇಕು. ಇದು ಒಂದು ವಾರದ ಮಾತಲ್ಲ. ಒಂದು ಫಜೀತಿ ಮುಗಿಯಿತೆಂದು ಸೆರಗಿನಿಂದ ಮುಖ ಒರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರುತ್ತದೆ.

ನಮ್ಮ ಯಜಮಾನರು ಬ್ಯಾಂಕಿನ ನೌಕರರು. ಬೀದರ ಜಿಲ್ಲೆಯಿಂದ ವರ್ಗವಾಗಿ ನಾಸಿಕಕ್ಕೆ ಬಂದವರು ಇಲ್ಲಿಯೇ ನಿಂತುಬಿಟ್ಟಿದ್ದೇವೆ. ಒಬ್ಬಳೇ ಮಗಳು ಛತ್ರಪತಿ ಸಂಭಾಜಿನಗರದ ಕಾಲೇಜಿನಲ್ಲಿ ಓದುತ್ತ, ಅಲ್ಲಿಯೇ ಹಾಸ್ಟೆಲಿನಲ್ಲಿ ಇದ್ದಾಳೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರಿಸುತ್ತಾಳೆ. ಸಿಟ್ಟು ಬಂದಾಗ, ಹಸಿವಾದಾಗ, ಹಿಗ್ಗಿದಾಗ, ನನ್ನನ್ನು ರಮಿಸುವಾಗ ಮಾತ್ರ ಕನ್ನಡ ತಾನಾಗಿಯೇ ಬರುತ್ತದೆ. ಅವಳಿಗೆ ಇಬ್ಬರು ಸಂಗಡಿಗರು. ಒಬ್ಬ, ತನ್ನ ತಂದೆಯ ಹಳೆಯ ಕಾರನ್ನು ಓಡಿಸುವ ಹುಡುಗ. ಇನ್ನೊಬ್ಬಳು, ಅವನ ಪಕ್ಕದಲ್ಲಿ ಕುಳಿತು ಫೋನಿನಲ್ಲಿ ದಾರಿ ನೋಡಿ ಹೇಳುವ ಹುಡುಗಿ. ಶನಿವಾರ ಬಂದೊಡನೆ ಈ ಮೂವರಿಗೂ ರೆಕ್ಕೆ ಮೂಡುತ್ತವೆ. ಹಾರಿ ದಣಿದ ಆ ರೆಕ್ಕೆಗಳು ಬಂದು ಮಡಚಿಕೊಳ್ಳುವುದು ನನ್ನ ಅಡುಗೆಮನೆಯಲ್ಲಿ.

ನನ್ನ ಆಸೆ ದೊಡ್ಡದಲ್ಲ. ಆರು ದಿನ ನಸುಕಿನಲ್ಲಿ ಎದ್ದು ಡಬ್ಬಿ ಕಟ್ಟುವ ನನಗೆ, ರವಿವಾರ ಊಟವಾದ ಮೇಲೆ, ಪಡಸಾಲೆಯ ದಿವಾನದ ಮೇಲೆ, ಫ್ಯಾನಿನ ಕೆಳಗೆ, ಯಾರೂ ಕರೆಯದಂತಹ ಒಂದು ನಿದ್ರೆ ಬೇಕು. ಅದೊಂದು ಸಿಕ್ಕರೆ ಸೋಮವಾರವನ್ನು ನಾನು ನಗುನಗುತ್ತಲೇ ಎದುರುಗೊಳ್ಳುತ್ತೇನೆ. ಸಿಕ್ಕರೆ.

ಖಾಲಿ ತಾಟು

ಕಾರಿನ ಹುಡುಗ ಮೊದಲ ಸಲ ನಮ್ಮ ಮನೆಗೆ ಊಟಕ್ಕೆ ಬಂದ ರವಿವಾರವದು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾದ ಹಿಂಡಿ, ಗಟ್ಟಿ ಮೊಸರು. ನಮ್ಮ ಕಡೆಯ ಪದ್ಧತಿ ಬಲ್ಲವರಿಗೆ ಹೇಳಬೇಕಾಗಿಲ್ಲ: ಉಂಡವರ ತಾಟು ಖಾಲಿ ಕಂಡರೆ ಬಡಿಸುವವರಿಗೆ ಅವಮಾನ. ಅವರು ಬೇಡವೆಂದರೆ ಅದು ನಾಚಿಕೆಯೆಂದು ತಿಳಿದು ಇನ್ನೊಂದು ಹಾಕಬೇಕು. ಆ ಹುಡುಗನ ಮನೆಯ ಪದ್ಧತಿ ಬೇರೆ. ತಾಟಿಗೆ ಬಿದ್ದ ಅನ್ನವನ್ನು ಚೆಲ್ಲಬಾರದೆಂದು ಅವನ ಅಜ್ಜಿ ಅವನಿಗೆ ಕಲಿಸಿದ್ದರಂತೆ.

ನಾನು ರೊಟ್ಟಿ ಹಾಕಿದೆ. ಅವನು ತಿಂದು ತಾಟು ಖಾಲಿ ಮಾಡಿದ. ಖಾಲಿ ಕಂಡಿತೆಂದು ನಾನು ಮತ್ತೊಂದು ಹಾಕಿದೆ. ಹಾಕಿದ್ದನ್ನು ಬಿಡಬಾರದೆಂದು ಅವನು ಮತ್ತೊಂದು ತಿಂದ.

"ಪುರೇ ಕಾಕೂ, ಬಸ್," ಎಂದು ಮರಾಠಿಯಲ್ಲಿ ಸಾಕು ಸಾಕೆಂದ.

"ಅಯ್ಯ, ನಾಚಬ್ಯಾಡಪ್ಪಾ," ಎಂದು ನಾನು ಇನ್ನೊಂದು ಹಾಕಿದೆ.

ಅವನ ಹಣೆಯ ಮೇಲೆ ಬೆವರು ಮೂಡಿತು. ಎಣ್ಣೆಗಾಯಿಯ ಖಾರವಿರಬೇಕೆಂದು ನಾನು ಮೊಸರು ಸುರಿದೆ. ಆ ಮೊಸರು ಚೆಲ್ಲಬಾರದೆಂದು ಅವನೇ ಅರ್ಧ ರೊಟ್ಟಿ ಕೇಳಿದ. ಕೇಳಿ ಹಾಕಿಸಿಕೊಳ್ಳುವ ಹುಡುಗನೆಂದು ನನಗೆ ಆನಂದವಾಗಿ ಅರ್ಧವೇಕೆಂದು ಇಡಿಯದನ್ನೇ ಇಟ್ಟೆ. ದಾರಿ ನೋಡುವ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಕೊನೆಗೆ ನನ್ನ ಮಗಳು ರೊಟ್ಟಿಯ ಬುಟ್ಟಿಯನ್ನೇ ಕಸಿದುಕೊಂಡಳು.

"ಮಮ್ಮಿ, ಸಾಕು ಮಾಡು! ಅವಾ ಊಟ ಮಾಡ್ಲಾಕತ್ತಿಲ್ಲ, ಮರ್ಯಾದಿ ಉಳಸ್ಲಾಕತ್ತಾನ!"

ಎದ್ದು ನಿಲ್ಲಲಾಗದೆ ಆ ಹುಡುಗ ಹತ್ತಿರದಲ್ಲಿದ್ದ ದಿವಾನದ ಮೇಲೆ ಒರಗಿದ. ಸಂಜೆಯವರೆಗೆ ಏಳಲಿಲ್ಲ. ಆ ವಾರದ ನನ್ನ ನಿದ್ರೆಯನ್ನು ಅವನೇ ಮಾಡಿ ಮುಗಿಸಿದ.

ಯಜಮಾನರ ಪ್ಯಾಂಟು

ಮಳೆಗಾಲದಲ್ಲಿ ಮೂವರೂ ರವಿವಾರ ಬೆಳಿಗ್ಗೆಯೇ ಇಗತಪುರಿಗೆ ಜಲಪಾತ ನೋಡಲು ಹೊರಟರು. ಮನೆ ಖಾಲಿಯಾಯಿತು. ಯಜಮಾನರಿಗೆ ಬೇಗನೆ ಬಡಿಸಿ, ಬಾಗಿಲಿಗೆ ಚಿಲಕ ಹಾಕಿ, ದಿವಾನದ ಮೇಲೆ ಹೊಸದಾಗಿ ಒಗೆದ ಚಾದರ ಹಾಸಿ ಮಲಗಿದೆ. ಕಣ್ಣು ಮುಚ್ಚಿತು, ಫೋನು ಬಾರಿಸಿತು. ವಿಡಿಯೋ ಕಾಲ್.

"ಮಮ್ಮಿ, ನೋಡು, ನೋಡು!"

ಫೋನಿನ ತುಂಬ ಬೆಳ್ಳಗೆ. ಒಲೆಯ ಮೇಲೆ ಹಾಲು ಉಕ್ಕಿದಂತೆ.

"ಏನ್ ನೋಡ್ಲಿ? ಏನೂ ಕಾಣವಲ್ದು."

"ನಮಗೂ ಕಾಣವಲ್ದು. ಅದಕ್ಕೇ ನಿನಗ ತೋರಸ್ಲಾಕತ್ತೀವಿ!"

ಮಂಜಿನಲ್ಲಿ ಜಲಪಾತ ಕಾಣಲಿಲ್ಲ, ಮಳೆ ಮಾತ್ರ ಇವರನ್ನು ಚೆನ್ನಾಗಿ ನೋಡಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಮೂವರೂ ನೀರು ಸುರಿಸುತ್ತ ಬಂದು ನಿಂತರು. ಸಂಜೆಯೊಳಗೆ ಸಂಭಾಜಿನಗರಕ್ಕೆ ಹೊರಡಬೇಕು. ನಾನು ಒದ್ದೆ ಬಟ್ಟೆಗಳನ್ನು ಹಿಂಡಿ, ಫ್ಯಾನಿಗೆ ಒಡ್ಡಿ, ಇಸ್ತ್ರಿ ಒತ್ತಿ ಒತ್ತಿ ಒಣಗಿಸಲು ಕುಳಿತೆ. ಹುಡುಗಿಯರ ಬಟ್ಟೆ ಹೇಗೋ ಆದವು. ಹುಡುಗನ ಜೀನ್ಸ್ ಮಾತ್ರ ಒಣಗಲಿಲ್ಲ. ಇಸ್ತ್ರಿಯ ಕೆಳಗೆ ಇಡ್ಲಿ ಪಾತ್ರೆಯಂತೆ ಹಬೆ ಬಿಡುತ್ತಿತ್ತು. ಮಗಳು ಒಳಗೆ ಹೋಗಿ ಕಪಾಟಿನಿಂದ ಒಂದು ಪ್ಯಾಂಟು ಎಳೆದು ತಂದು ಅವನಿಗೆ ಕೊಟ್ಟಳು. ಅದು ಸೋಮವಾರಕ್ಕೆಂದು ನಾನು ಮಡಿಕೆ ಹಾಕಿಟ್ಟಿದ್ದ, ಯಜಮಾನರ ಬ್ಯಾಂಕಿನ ಪ್ಯಾಂಟು. ಅವನು ಅದನ್ನು ಬೆಲ್ಟಿನಿಂದ ಬಿಗಿದು ಚೀಲದ ಬಾಯಿಯಂತೆ ನೆರಿಗೆ ಮಾಡಿಕೊಂಡು ಹೊರಟುಹೋದ.

ಮರುದಿನ ಬೆಳಿಗ್ಗೆ ಯಜಮಾನರು ಕಪಾಟಿನ ಮುಂದೆ ನಿಂತು, ಹ್ಯಾಂಗರಿನಲ್ಲಿ ತೂಗುತ್ತಿದ್ದ, ಮೊಣಕಾಲಿನಲ್ಲಿ ಹರಿದ ಜೀನ್ಸನ್ನು ಬಹಳ ಹೊತ್ತು ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಹಳೆಯದೊಂದು ಪ್ಯಾಂಟು ಹುಡುಕಿ ಹಾಕಿಕೊಂಡು ಹೀಗೆಂದರು:

"ಹೋಗ್ಲಿ ಬಿಡು. ಆ ಹುಡುಗ ಕೂಡ್ಲಿ ಬಿಡ್ಲಿ, ನನ್ನ ಪ್ಯಾಂಟು ಕ್ಲಾಸಿನಾಗ ಕೂಡ್ತದ. ಇಷ್ಟು ವರ್ಷ ಕುರ್ಚಿ ಮ್ಯಾಲೆ ಕುಂತು ಅದಕ್ಕ ರೂಢಿ ಆಗ್ಯಾದ."

ಮರಳಿ ಬಂದ ಉಳ್ಳಾಗಡ್ಡಿ

ಒಂದು ಶನಿವಾರ ಬರುವ ದಾರಿಯಲ್ಲಿ ಲಾಸಲಗಾಂವಿನ ಈರುಳ್ಳಿ ಮಾರುಕಟ್ಟೆಯಲ್ಲಿ ಇಳಿದರಂತೆ. ಅಲ್ಲಿಯ ಉಳ್ಳಾಗಡ್ಡಿಯ ರಾಶಿಗಳನ್ನು ಕಂಡು ಮಗಳಿಗೆ ನನ್ನ ನೆನಪಾಯಿತಂತೆ. ತಾಯಿಯ ನೆನಪು ಯಾವುದರಿಂದ ಆಗಬೇಕೋ ಅದರಿಂದ ಆಗುತ್ತದೆ. ಅದಕ್ಕೆ ನಾನು ಬೇಸರಿಸುವುದಿಲ್ಲ. ಕಾರಿನ ಹಿಂಬದಿಯಿಂದ ಒಂದು ತುಂಬಿದ ಗೋಣಿಚೀಲವನ್ನು ಮೂವರೂ ಏದುಸಿರು ಬಿಡುತ್ತ ಮೂರನೇ ಮಾಳಿಗೆಗೆ ಹೊತ್ತು ತಂದು, "ಸರ್ಪ್ರೈಜ್!" ಎಂದರು.

ಇಬ್ಬರು ತಿನ್ನುವ ಮನೆಯಲ್ಲಿ ಅಷ್ಟೊಂದು ಉಳ್ಳಾಗಡ್ಡಿ ಕೊಳೆಯದೆ ಏನಾದೀತು? ರವಿವಾರ ಬೆಳಿಗ್ಗೆ ನಾನು ಮನೆಯಲ್ಲಿದ್ದ ಡಬ್ಬಿ, ಬುಟ್ಟಿ, ಪಾತೇಲಿಗಳನ್ನೆಲ್ಲ ತುಂಬಿಸಿ ನಮ್ಮ ಬಿಲ್ಡಿಂಗಿನ ಮನೆಮನೆಗೂ ಹಂಚಿಸಿದೆ. ಪುಣ್ಯವೂ ಬಂತು, ಜಾಗವೂ ಆಯಿತೆಂದು ಸಮಾಧಾನದಿಂದ ದಿವಾನದ ಮೇಲೆ ಮಲಗಿದೆ.

ಆದರೆ ನೆರೆಯವರ ಪಾತ್ರೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬ ಪದ್ಧತಿ ನಮ್ಮಲ್ಲಿ ಇದ್ದಂತೆ ಇಲ್ಲಿಯೂ ಇದೆ. ಅದನ್ನು ನಾನು ಮರೆತಿದ್ದೆ. ಕಣ್ಣು ಹತ್ತುವಷ್ಟರಲ್ಲಿ ಕರೆಗಂಟೆ ಬಾರಿಸಿತು. ಎದುರು ಮನೆಯವರು ಡಬ್ಬಿಯ ತುಂಬ ಉಳ್ಳಾಗಡ್ಡಿ ಭಜಿ ತಂದಿದ್ದರು. ಮತ್ತೆ ಮಲಗಿದೆ, ಮತ್ತೆ ಗಂಟೆ. ಕೆಳಗಿನ ಮನೆಯಿಂದ ಉಳ್ಳಾಗಡ್ಡಿಯ ಥಾಲಿಪೀಠ. ಆಮೇಲೆ ಉಳ್ಳಾಗಡ್ಡಿಯ ಚಟ್ನಿ, ಆಮೇಲೆ ಮತ್ತೆ ಭಜಿ. ಮಧ್ಯಾಹ್ನವೆಲ್ಲ ನಾನು ಬಾಗಿಲಿಗೂ ದಿವಾನಕ್ಕೂ ತಿರುಗುತ್ತಲೇ ಇದ್ದೆ.

ಸಂಜೆ ಯಜಮಾನರು ಮೇಜಿನ ಮೇಲಿನದನ್ನೆಲ್ಲ ನೋಡಿ ಕೇಳಿದರು: "ಉಳ್ಳಾಗಡ್ಡಿ ಎಲ್ಲಾ ಕೊಟ್ಟು ಬಿಟ್ಟೀನಿ ಅಂದಿದ್ದಿಯಲ್ಲಾ?"

"ಕೊಟ್ಟೀನಿ," ಎಂದೆ. "ಎಣ್ಣೀ ಸ್ನಾನ ಮಾಡ್ಕೊಂಡು ತೌರಮನಿಗಿ ಬಂದಾವ."

ಯೇವಲಾದ ದಿವಾನ

ಇಷ್ಟೆಲ್ಲ ಆದ ಮೇಲೆ ಮಗಳಿಗೂ ನನ್ನ ಕಣ್ಣ ಕೆಳಗಿನ ಕಪ್ಪು ಕಂಡಿರಬೇಕು. ಒಂದು ರವಿವಾರ ಬೆಳಿಗ್ಗೆ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡು ಹೇಳಿದಳು:

"ಮಮ್ಮಿ, ಹರ್ ಸಂಡೇ ನಿನ್ನ ನಿದ್ದಿ ಕೆಡಸ್ತೀವಿ. ಇವತ್ತು ನೀನೇ ನಮ್ಮ ಸಂಗಟ ಯೇವಲಾಕ್ಕ ಬಾ. ಪೈಠಣಿ ಸೀರಿ ನೇಯೋ ಮಗ್ಗ ನೋಡಮು. ಒಲಿ ಇಲ್ಲ, ಬೆಲ್ ಇಲ್ಲ. ಕಾರಿನಾಗ ಆರಾಮ್ ಮಲ್ಕೋ. ಸಂಜಿಗಿ ನಿನಗ ನಾಸಿಕ್ ಬಸ್ಸಿಗಿ ಹತ್ತಿಸಿ ನಾವು ಕಾಲೇಜಿಗಿ ಹೋಗ್ತೀವಿ."

ನಂಬಿದೆ. ಕಾರಿನಲ್ಲಿ ಹಾಡು ಎಷ್ಟು ಜೋರಾಗಿತ್ತೆಂದರೆ ಕಿಟಕಿಯ ಗಾಜುಗಳೂ ತಾಳ ಹಾಕುತ್ತಿದ್ದವು. ರೆಪ್ಪೆಗೆ ರೆಪ್ಪೆ ಹಚ್ಚಲಾಗಲಿಲ್ಲ.

ಯೇವಲಾದಲ್ಲಿ ದಾರಿ ನೋಡುವ ಹುಡುಗಿಗೆ ಪರಿಚಯದವರೊಬ್ಬರು ಒಂದು ನೇಕಾರರ ಮನೆ ಹೇಳಿದ್ದರು. ಓಣಿಯ ತುಂಬ ಮಗ್ಗದ ಸಪ್ಪಳ. ಯಾವ ಮನೆಯೆಂದು ತಿಳಿಯದು. ಅವಳ ಫೋನು "ತಲುಪಿದ್ದೀರಿ" ಎಂದಲ್ಲಿ ಕಾರು ನಿಂತಿತು. ಬಾಗಿಲಲ್ಲಿ ದೊಡ್ಡ ರಂಗೋಲಿ. ಇಸ್ತ್ರಿಯ ಅಂಗಿ ತೊಟ್ಟ ಗೃಹಸ್ಥರೊಬ್ಬರು ಓಡಿ ಬಂದರು.

"ನಾಸಿಕದವರಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು.

"ಹೌದು," ಎಂದಳು ಮಗಳು.

"ಬನ್ನಿ, ಬನ್ನಿ. ನಿಮ್ಮದೇ ದಾರಿ ಕಾಯುತ್ತಿದ್ದೆವು."

ಮಗ್ಗ ನೋಡಲು ಬಂದವರಿಗೂ ಇಷ್ಟು ಆದರವೇ ಎಂದು ನಾನು ಬೆರಗಾದೆ. ನನ್ನನ್ನು ಒಂದು ದಿವಾನದ ಮೇಲೆ ಕೂರಿಸಿ, ಬೆನ್ನಿಗೆ ಲೋಡು ಕೊಟ್ಟು, ಫ್ಯಾನು ಹಚ್ಚಿದರು. ಚಾದರ ಆಗಷ್ಟೇ ಹಾಸಿದ್ದು. ಪಕ್ಕದ ಮನೆಯಿಂದ ಮಗ್ಗದ ಸಪ್ಪಳ ತೊಟ್ಟಿಲು ತೂಗುವಂತೆ ಬರುತ್ತಿತ್ತು. ಒಂದು ಕ್ಷಣ ಲೋಡಿಗೆ ಒರಗಿದೆ. ಅಷ್ಟೇ ನನಗೆ ಗೊತ್ತು. ಮುಂದಿನದನ್ನು ಮಗಳು ಹೇಳಿದ್ದು.

ಒಳಗಿನಿಂದ ಪೈಠಣಿ ಉಟ್ಟು, ತಲೆ ತಗ್ಗಿಸಿದ ಒಬ್ಬ ಹುಡುಗಿ ಕಾಂದೆ ಪೋಹೆಯ ತಾಟುಗಳನ್ನು ಹಿಡಿದು ಬಂದಳಂತೆ. ಈ ಕಡೆ ಅಲಂಕರಿಸಿಕೊಂಡ ಹುಡುಗಿ ಅಪರಿಚಿತರ ಮುಂದೆ ಉಳ್ಳಾಗಡ್ಡಿ ಹಾಕಿದ ಅವಲಕ್ಕಿ ತಂದಿಟ್ಟಳೆಂದರೆ ಅದಕ್ಕೆ ಒಂದೇ ಅರ್ಥ: ಕನ್ಯಾ ನೋಡುವ ಕಾರ್ಯ. ಕಾರಿನ ಹುಡುಗನಿಗೆ ಕೂಡಲೇ ತಿಳಿಯಿತು. ಆದರೆ ಅಷ್ಟರಲ್ಲಿ ತಾಟು ಕೈಗೆ ಬಂದಿತ್ತು. ತಾಟಿನಲ್ಲಿದ್ದದ್ದನ್ನು ಬಿಡುವಂತಿರಲಿಲ್ಲವಲ್ಲ, ತಿನ್ನತೊಡಗಿದ.

ನನ್ನ ಮಗಳಿಗೆ ಏನೂ ತಿಳಿದಿರಲಿಲ್ಲ. ನಿಜವಾದ ಪೈಠಣಿಯ ಸೆರಗು ಎರಡೂ ಬದಿಗೆ ಒಂದೇ ತೆರನಾಗಿರುತ್ತದೆಂದು ಅವಳು ಎಲ್ಲಿಯೋ ಓದಿದ್ದಳು. ಎದ್ದು ಹೋಗಿ ಆ ಹುಡುಗಿಯ ಸೆರಗನ್ನು ಮಗುಚಿ ಮಗುಚಿ ನೋಡಿದಳು. "ವರನ ತಂಗಿ ಬಹಳ ಒರೆಗೆ ಹಚ್ಚಿ ನೋಡುವವಳು," ಎಂದು ಹೆಂಗಸರು ಪಿಸುಗುಟ್ಟಿದರಂತೆ. ನನ್ನನ್ನು ಎಬ್ಬಿಸಲು ಮಗಳು ಹೊರಟಾಗ ಆ ಮನೆಯ ತಾಯಿಯೇ ತಡೆದರಂತೆ: "ಬೀಗತಿ ಮಲಗಲಿ ಬಿಡಮ್ಮ, ದಣಿದಿದ್ದಾರೆ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಇನ್ನೊಂದು ಕಾರು ನಿಂತಿತು. ನಾಸಿಕದ ನಿಜವಾದ ಬೀಗರು.

ಗದ್ದಲಕ್ಕೆ ನನಗೆ ಎಚ್ಚರವಾಯಿತು. ಎದುರಿಗೆ ಇಷ್ಟೊಂದು ಜನ ನಿಂತಿದ್ದಾರೆ. ರವಿವಾರ ಎಚ್ಚರವಾದೊಡನೆ ನನ್ನ ಬಾಯಿಗೆ ಬರುವ ಮಾತು ಒಂದೇ. ಪರರ ಮನೆಯಲ್ಲಿ ಎದ್ದು ಕುಳಿತು, ಸೆರಗು ಸರಿಪಡಿಸಿಕೊಂಡು ಅದನ್ನೇ ಕೇಳಿದೆ:

"ಎಲ್ಲರಿಗೂ ಚಹಾ ಇಡ್ಲೇನ್ರಿ?"

ವರನ ತಾಯಿಗೆ ನನ್ನ ಕನ್ನಡ ತಿಳಿಯಲಿಲ್ಲ, ಚಹಾ ಮಾತ್ರ ತಿಳಿಯಿತು. ನಾನೇ ಕನ್ಯೆಯ ಹಿರಿಯಳೆಂದು ಭಾವಿಸಿ ನನ್ನ ಪಕ್ಕದಲ್ಲಿಯೇ ಕುಳಿತು ವಿಚಾರಣೆ ಆರಂಭಿಸಿದರು. ಹುಡುಗಿಗೆ ಚಪಾತಿ ದುಂಡಗೆ ಬರುತ್ತವೆಯೇ? ಕನ್ನಡಕ ಇದೆಯೇ? ನಸುಕಿನಲ್ಲಿ ತಾನಾಗಿ ಏಳುತ್ತಾಳೆಯೇ, ಎಬ್ಬಿಸಬೇಕೇ? ನಾನು ಹಾಸ್ಟೆಲಿನಲ್ಲಿರುವ ನನ್ನ ಮಗಳ ಬಗ್ಗೆ ಕೇಳುತ್ತಿದ್ದಾರೆಂದು ತಿಳಿದು ಮರಾಠಿಯಲ್ಲಿಯೇ ಇದ್ದದ್ದನ್ನು ಇದ್ದಂತೆ ಹೇಳಿದೆ: "ನೀರು ಚಿಮುಕಿಸಿದರೂ ಏಳುವುದಿಲ್ಲ."

ಆ ಮನೆಯ ಯಜಮಾನರು ತಲೆಗೆ ಕೈ ಹಚ್ಚಿದರು. "ಹಾಗಾದರೆ ನೀವು ಯಾರು?" ಎಂದು ನಮ್ಮ ಕಡೆಗೆ ತಿರುಗಿದರು. ಕಾರಿನ ಹುಡುಗ ಒರೆಸಿಟ್ಟಂತೆ ಖಾಲಿಯಾದ ತಾಟನ್ನು ಹಿಡಿದು ಎದ್ದು ನಿಂತ.

"ಕಾಕಾ, ನಾವು ಮಗ್ಗ ನೋಡಲು ಬಂದವರು."

"ಮಗ್ಗ ಪಕ್ಕದ ಮನೆಯಲ್ಲಿದೆಯಪ್ಪಾ!"

ನಾಚಿಕೆಯಿಂದ ನನಗೆ ಭೂಮಿಗಿಳಿದು ಹೋಗುವಂತಾಯಿತು. ತಲೆ ತಗ್ಗಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಕನ್ಯೆಯ ತಾಯಿ ಹಿಂದಿನಿಂದ ಬಂದು ಕೈ ಹಿಡಿದರು. ಮುತ್ತೈದೆ ಬರಿಯ ಉಡಿಯಲ್ಲಿ ಹೋಗಬಾರದೆಂದು ಅಂತಹ ಗಡಿಬಿಡಿಯಲ್ಲಿಯೂ ನನಗೆ ಕುಂಕುಮ ಹಚ್ಚಿ, ಅಕ್ಕಿ ತೆಂಗಿನಕಾಯಿ ಹಾಕಿ ಉಡಿ ತುಂಬಿದರು. ಒಳಗೆ ವರನ ತಾಯಿಯ ಪ್ರಶ್ನೆಗಳು ಇನ್ನೂ ಕೇಳಿಸುತ್ತಲೇ ಇದ್ದವು.

"ಆ ಹುಡುಗ ನಿಮ್ಮ ಮಗನಲ್ಲವೇ?" ಎಂದು ಕನ್ಯೆಯ ತಾಯಿ ಮೆಲ್ಲಗೆ ಕೇಳಿದರು.

"ಅಲ್ಲ, ಮಗಳ ಸಂಗಡಿಗ. ನಮಗೆ ಇವಳೊಬ್ಬಳೇ."

ಅವರು ನಿಟ್ಟುಸಿರು ಬಿಟ್ಟರು. "ನನ್ನ ಮಗಳು ಒಳಗೆ ಹಟ ಹಿಡಿದು ಕುಳಿತಿದ್ದಾಳೆ. ಅತ್ತೆ ಸಿಕ್ಕರೆ ಮೊದಲು ಬಂದಂಥವರೇ ಸಿಗಬೇಕಂತೆ. ಬಂದರು, ಒಂದು ಪ್ರಶ್ನೆ ಕೇಳಲಿಲ್ಲ, ಮಲಗಿಬಿಟ್ಟರು ಅನ್ನುತ್ತಾಳೆ."

ಬಸ್ ನಿಲ್ದಾಣದ ಕಡೆಗೆ ಹೋಗುವಾಗ ಕಾರಿನಲ್ಲಿ ಯಾರೂ ಹಾಡು ಹಚ್ಚಲಿಲ್ಲ. ಪಕ್ಕದಲ್ಲಿ ಕುಳಿತ ಮಗಳು ನನ್ನ ಕಡೆಗೆ ತಿರುಗಿ, ಅಂಜುತ್ತ ಅಂಜುತ್ತ, ಅಚ್ಚ ಕನ್ನಡದಲ್ಲಿ ಕೇಳಿದಳು:

"ಮಮ್ಮಿ, ನಿದ್ದಿ ಆಯ್ತಾ?"

"ಅರ್ಧ ಆಯ್ತು," ಎಂದೆ. "ಉಳಿದ ಅರ್ಧಕ್ಕ ದಾರ್‍ಯಾಗ ಇನ್ನೊಂದು ಕನ್ಯಾದ ಮನಿ ಇದ್ರ ನೋಡ್ರಿ."