ಎಕ್ಸ್‌ಪಿ ಹೋದ ಮೇಲೆ

ಕಂಪ್ಯೂಟರ್ ರಿಪೇರಿಯವನನ್ನು ಜನ ಕರೆಯುವುದು ಎಲ್ಲ ಕೆಟ್ಟ ಮೇಲೆ. ಕೆಡುವ ಮುಂಚೆ ನಾವಾಗಿಯೇ ಹೋಗಿ ಹೇಳಿದರೆ ಚಹಾ ಕೊಟ್ಟು ಕಳಿಸುತ್ತಾರೆ. 2014ರಲ್ಲಿ ನಾನು ಕುಡಿದಷ್ಟು ಚಹಾ ಮತ್ತೆಂದೂ ಕುಡಿದಿಲ್ಲ. ಆ ವರ್ಷ, ಊರೆಲ್ಲ ಕಂಪ್ಯೂಟರುಗಳನ್ನು ನಡೆಸುತ್ತಿದ್ದ ಹಳೆಯ ಎಕ್ಸ್‌ಪಿಗೆ ಸುರಕ್ಷೆಯ ಅಪ್‌ಡೇಟ್ ನಿಂತುಹೋಯಿತು. ಯಂತ್ರವೇನೋ ನಡೆಯುತ್ತದೆ, ಆದರೆ ಕಳ್ಳ ಹೊಸ ಕಿಂಡಿ ಕೊರೆದರೆ ಮುಚ್ಚುವವರಿಲ್ಲ. ಇದನ್ನು ಹೇಳುತ್ತ ನಾನು ಚಿಕ್ಕೋಡಿಯಿಂದ ಬೈಕಿನಲ್ಲಿ ಊರೂರು ತಿರುಗಿದೆ.

ಕೈಬಿಟ್ಟ ಮೇಲೆ

ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಪರದೆಯ ಮೇಲೆ ಎಚ್ಚರಿಕೆಯ ಚೌಕ ಬಂದಿತ್ತು.

"ಅಹೋ, ಇದೇನ್ರಿ?"

"ಕಂಪನಿಯವರು ಇದನ್ನ ಕೈಬಿಟ್ಟಾರ್ರಿ. ಹೊಸಾದು ಹಾಕಸ್ರಿ."

"ಕೈಬಿಟ್ರ ಬಿಡ್ಲಿ. ನಡ್ಯಾಕತ್ತೈತಲ್ಲ? ನಮ್ಮ ಅಪ್ಪನ್ನ ದವಾಖಾನಿಯವರು ಕೈಬಿಟ್ಟ ಮ್ಯಾಲೆ ಹನ್ನೊಂದ ವರ್ಷ ಬದುಕಿದ್ರು!"

ಚಹಾ ಮುಗಿಸಿ ಏಳುವಾಗ ಸುಮ್ಮನೆ ಕೇಳಿದೆ: "ಹನ್ನೊಂದ ವರ್ಷ ಹೆಂಗಿದ್ರರಿ?"

"ಹಾಸಗಿ ಮ್ಯಾಲ," ಎಂದರು.

ಕೀಲಿ

ರಾಯಬಾಗದ ಕಡೆ ಒಂದು ಖಾಸಗಿ ಆಸ್ಪತ್ರೆ. ಅಲ್ಲಿನ ಎಕ್ಸ್‌ರೇ ಯಂತ್ರ ಹಳೆಯ ಎಕ್ಸ್‌ಪಿ ಬಿಟ್ಟು ಬೇರೆ ಯಾವುದಕ್ಕೂ ಒಗ್ಗುತ್ತಿರಲಿಲ್ಲ. ಹಾಗಾಗಿ ವೈರಸ್ ನುಗ್ಗದಂತೆ ನೆಟ್ಟಿನ ವೈರು ಕಿತ್ತೆ, ಪೆನ್‌ಡ್ರೈವ್ ಬಂದ್ ಮಾಡಿದೆ. ಆಸ್ಪತ್ರೆಯ ವಯಸ್ಸಾದ ಕಾರಕೂನರಿಗೆ, "ಸಿಕ್ಕಸಿಕ್ಕವರು ಇದನ್ನ ಮುಟ್ಟಬಾರದ್ರಿ" ಎಂದು ತಾಕೀತು ಮಾಡಿ ಬಂದೆ.

ಮೂರು ದಿನದ ಮೇಲೆ ಹೋದೆ. ಡಾಕ್ಟರು ಪರವೂರಿಗೆ ಹೋಗಿದ್ದರು. ಎಕ್ಸ್‌ರೇ ಕೋಣೆಯ ಬಾಗಿಲಿಗೆ ದೊಡ್ಡ ಕೀಲಿ ಜಡಿದಿತ್ತು; ಯಂತ್ರ ನಡೆಸುವ ಹುಡುಗನೂ ಹೊರಗೇ ನಿಂತಿದ್ದ. ಹೊರಗೆ ಬೆಂಚಿನ ಮೇಲೆ, ಕಬ್ಬಿನ ಗಾಡಿಯಿಂದ ಬಿದ್ದು ಮುಂಗೈ ಮುರಿದುಕೊಂಡಿದ್ದ ಮುಗಳಖೋಡದ ಹೆಣ್ಣುಮಗಳೊಬ್ಬಳು ಮುಂಜಾನೆಯಿಂದ ನರಳುತ್ತ ಕೂತಿದ್ದಳು.

"ಕೀಲಿ ಯಾಕ್ರಿ?" ಎಂದೆ.

ಕಾರಕೂನರು ಎದೆ ಸೆಟೆಸಿದರು. "ನೀವ ಹೇಳೀರಲ್ರಿ! ಮೂರ ದಿನಾ ಆತು, ಒಂದ ವೈರಸ್ಸೂ ಒಳಗ ಹೋಗಗೊಟ್ಟಿಲ್ಲ."

ಬೆಂಚಿನಿಂದ ಆಕೆ ಕೇಳಿದಳು: "ವೈರಸ್ ಅಂದ್ರ ನಾವ ಏನ್ರಿ, ಯಪ್ಪಾ?"

ನಾನೇ ಕೀಲಿಕೈ ಇಸಿದುಕೊಂಡು ಬಾಗಿಲು ತೆರೆದೆ.

ಊರು ನೋಡ್ಲಿ

ಅಥಣಿಯ ಫೋಟೋ ಸ್ಟುಡಿಯೋದವನಿಗೆ ನಾನು ಹೇಳಿದ್ದು ಒಂದೆರಡು ಸಲವಲ್ಲ. "ಹೊಸಾದು ಹಾಕಿದ್ರ ನನ್ನ ಕನ್ನಡ ಅಕ್ಷರಾ ಎಲ್ಲಾ ಕೆಡತಾವ್ರಿ" ಎನ್ನುತ್ತಿದ್ದ. ಅದೂ ಸುಳ್ಳಲ್ಲ, ಬ್ಯಾನರಿಗೆ ಬಳಸುವ ಹಳೆಯ ಫಾಂಟು ಹೊಸದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. "ಹಂಗಾರ ಫೋಟೋದ್ದರೆ ಇನ್ನೊಂದು ಕಾಪಿ ಇಡು" ಎಂದೆ. "ಇಟ್ಟೀನ್ರಿ, ಸಿ ಡ್ರೈವಿನ್ಯಾಗ ಒಂದು, ಡಿ ಡ್ರೈವಿನ್ಯಾಗ ಒಂದು." ಎರಡೂ ಒಂದೇ ಕಂಪ್ಯೂಟರಿನೊಳಗೆ; ಮನೆಗೆ ಬೆಂಕಿ ಬಿದ್ದಾಗ ಅಡುಗೆಮನೆಯ ಸಾಮಾನು ದೇವರಮನೆಗೆ ಸಾಗಿಸಿದ ಹಾಗೆ.

ಒಂದು ಮುಂಜಾನೆ ನೋಡಿದರೆ ನೆಟ್ಟಿನ ಕಳ್ಳರು ಎರಡೂ ಡ್ರೈವಿನ ಫೋಟೋಗಳಿಗೆ ಬೀಗ ಹಾಕಿದ್ದರು. ಹಣ ಕಳಿಸಿದರೆ ಬಿಚ್ಚುತ್ತೇವೆಂದು ಇಂಗ್ಲಿಷಿನಲ್ಲಿ ಕೆಂಪು ಬರಹ. ಹನ್ನೆರಡು ವರ್ಷದ ಮದುವೆ, ಸೀಮಂತ, ತೊಟ್ಟಿಲು, ಎಲ್ಲ ಹೋಗಿತ್ತು. ನಾನು ಹೋದಾಗ ಅವನು ಒಂದೊಂದೇ ಫೋಟೋ ಒತ್ತಿ ತೆರೆಯಲು ನೋಡುತ್ತಿದ್ದ.

ಅಷ್ಟರಲ್ಲಿ ಐಗಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ತೀರಿ ಎರಡು ದಿನವಾಗಿತ್ತು. ಹೋದ ತಿಂಗಳು ಇಲ್ಲಿ ತೆಗೆಸಿದ್ದ ಫೋಟೋವನ್ನೇ ದೊಡ್ಡದು ಮಾಡಿ ಶ್ರದ್ಧಾಂಜಲಿ ಬ್ಯಾನರ್ ಹಾಕಿಸಬೇಕಿತ್ತು. ಕಳ್ಳತನವಾಗಿದೆ ಎಂದೆ.

"ಫೋಟೋ ಒಯ್ದಾರ?"

"ಇಲ್ಲಬೇ, ಇಲ್ಲೇ ಅದಾವು. ಕೀಲಿ ಹಾಕ್ಯಾರ."

"ಅವರ ನಂಬರ ಕೊಡು. ಸತ್ತವನ ಫೋಟೋ ಅಂತ ಹೇಳತೀನಿ, ಬಿಡತಾರ."

"ಅವರ ನಂಬರ ಇಲ್ಲಬೇ, ಬ್ಯಾರೆ ಫೋಟೋ ಹುಡುಕೂಣು" ಎಂದೆ.

ಕಡೆಗೆ ಸಂಬಂಧಿಕರ ಹಳೆಯ ಮದುವೆ ಆಲ್ಬಮ್ಮಿನಲ್ಲಿ ಆತ ಸಿಕ್ಕ, ಊಟದ ಪಂಕ್ತಿಯಲ್ಲಿ, ಬಾಯ್ತುಂಬ ಲಾಡು. ಸ್ಟುಡಿಯೋದವನು ನನ್ನ ಲ್ಯಾಪ್‌ಟಾಪಿನಲ್ಲಿ ಊಟದ ಎಲೆ ಅಳಿಸಿದ, ಅಕ್ಕಪಕ್ಕದವರನ್ನು ಅಳಿಸಿದ. ಉಬ್ಬಿದ ಗಲ್ಲ ಇಳಿಸಲು ಹೋದರೆ ಮುಖ ಬೇರೆಯವರದ್ದಾಗುತ್ತಿತ್ತು. ಹಾಗೆಯೇ ಬಿಟ್ಟ. 'ಭಾವಪೂರ್ಣ ಶ್ರದ್ಧಾಂಜಲಿ'ಯ ಕೆಳಗೆ ಆತ ಲಾಡು ಮೆಲ್ಲುತ್ತ ನಮ್ಮನ್ನೇ ನೋಡುತ್ತಿದ್ದ.

ಸ್ಟುಡಿಯೋದವನು ಆಕೆಯ ಮುಂದೆ ಬ್ಯಾನರ್ ಬಿಚ್ಚಿದ. "ತಪ್ಪಾತಬೇ, ಇಷ್ಟ ಆತು ನನ್ನ ಕಡಿಂದ."

ಆಕೆ ಅದನ್ನು ನೋಡಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಇರ್ಲಿ ಬಿಡೋ. 'ನನ್ನ ಹೇಣ್ತಿ ಹೊಟ್ಟೀಗಿ ಹಾಕಂಗಿಲ್ಲ' ಅಂತ ಇಂವಾ ಇರೂತನಕ ಊರತುಂಬ ಹೇಳ್ಕೋತ ತಿರಗಿದ. ಈಗ ಊರ ನೋಡ್ಲಿ."