ಇಲ್ಲದ ಹುಣಸೆಮರದ ಬಳಿ ಎಡಕ್ಕೆ

ನನ್ನ ಹೆಂಡತಿಯ ತಮ್ಮ ಹೇಳಿದ ದಾರಿ ಹಿಡಿದವರಾರೂ ಹಿಂದಿರುಗಿಲ್ಲ ಎಂದರೆ ಅದು ಉತ್ಪ್ರೇಕ್ಷೆ. ನೇರವಾಗಿ ತಲುಪಿಲ್ಲ ಎಂದರೆ ಅದು ವರದಿ! ಉತ್ತರಹಳ್ಳಿಯಲ್ಲಿ ಹುಟ್ಟಿ, ಅಲ್ಲೇ ರಾಗಿ ಬೆಳೆದು, ಈಗ ಅದೇ ನೆಲದಲ್ಲಿ ಮನೆಗಳನ್ನು ಕಟ್ಟಿ ಬಾಡಿಗೆಗೆ ಕೊಟ್ಟಿರುವ ಈ ಮಹಾನುಭಾವನ ಕೈಯಲ್ಲಿ ಒಳ್ಳೆಯ ಫೋನೇ ಇದೆ. ಒಮ್ಮೆ ಒತ್ತಿದರೆ ಲೊಕೇಶನ್ ನಮಗೆ ಬರುತ್ತದೆ. ಒತ್ತುವುದಿಲ್ಲ. ಬಾಯಲ್ಲೇ ಹೇಳುತ್ತಾನೆ!

ಅವನ ಹೊಸ ಮನೆಗೆ ನಾನು ಜಯನಗರದಿಂದ ಮೊದಲ ಸಲ ಹೊರಟಾಗ ಬಂದ ಅಪ್ಪಣೆ: "ಹುಣಸೆಮರದ ಹತ್ರ ಎಡಕ್ಕೆ ತಿರುಗಿ ಭಾವ, ಅಷ್ಟೇ." ಮೂರು ಸುತ್ತು ಹಾಕಿದೆ. ಮೊಬೈಲ್ ಅಂಗಡಿ, ಬಿರಿಯಾನಿ ಹೋಟೆಲು, ಹಲ್ಲಿನ ಕ್ಲಿನಿಕ್ಕು ಎಲ್ಲವೂ ಇದ್ದವು, ಮರವೊಂದನ್ನು ಬಿಟ್ಟು. ಫೋನ್ ಮಾಡಿದೆ.

"ಎಲ್ಲಯ್ಯಾ ನಿನ್ನ ಮರ?"

"ಕಡಿದು ಹನ್ನೆರಡು ವರ್ಷ ಆಯ್ತಲ್ಲ ಭಾವ!"

"ಕಡಿದ ಮರಾನ ಯಾರಾದ್ರೂ ಗುರುತು ಹೇಳ್ತಾರೇನಯ್ಯಾ?"

"ಅಂಗಡಿ ಹೇಳಿದ್ರೆ ಆರು ತಿಂಗಳಿಗೆ ಬೋರ್ಡ್ ಬದಲಾಗುತ್ತೆ. ಆ ಮರ ಇನ್ನೆಲ್ಲಿ ಬದಲಾಗುತ್ತೆ, ಹೇಳಿ?"

ಇಪ್ಪತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನಾನು ಈ ಉತ್ತರಕ್ಕೆ ಮನಸ್ಸಿನಲ್ಲೇ ಸೊನ್ನೆ ಹಾಕಿದೆ. ಕೋಪದಲ್ಲಿ ಫೋನ್ ಇಟ್ಟೆ!

ಇನ್ನೊಮ್ಮೆ ಆಟೋದವನಿಗೆ ನನ್ನ ಫೋನಿನಲ್ಲೇ, "ನಮ್ಮ ರಾಗಿ ಹೊಲ ದಾಟಿ ಬಲಕ್ಕೆ" ಎಂದ. ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟಿನ ಮುಂದೆ ಆಟೋ ನಿಲ್ಲಿಸಿ, ಕತ್ತೆತ್ತಿ ನೋಡಿ, ಚಾಲಕ ಕೇಳಿದ: "ಸಾರ್, ಹೊಲ ಯಾವ ಫ್ಲೋರು?"

ಹೀಗಿರುವಾಗ ನನ್ನ ಮಗಳ ನಿಶ್ಚಿತಾರ್ಥಕ್ಕೆ ಸಿಕ್ಕಿದ ಸಭಾಂಗಣ ಅವನ ಮನೆಯ ಪಕ್ಕದ್ದೇ! ಬೀಗರು ಹುಬ್ಬಳ್ಳಿ ಕಡೆಯವರು. ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದಾರೆ, ಉತ್ತರಹಳ್ಳಿ ಕಂಡವರಲ್ಲ. ರಾಹುಕಾಲ ಹುಟ್ಟುವುದರೊಳಗೆ ತಾಂಬೂಲ ಬದಲಾಗದಿದ್ದರೆ ಹುಡುಗನ ಅಜ್ಜಿ ಎದ್ದು ಹೋಗುತ್ತಾರೆಂದು ಮೊದಲೇ ತಿಳಿಸಿದ್ದರು. ನಾನು ಬಿಡುತ್ತೇನೆಯೇ? ದಾರಿಯನ್ನು ಎರಡು ಸಲ ಸ್ಕೂಟರಿನಲ್ಲಿ ಅಳೆದು, ಒಂಬತ್ತು ಸೂಚನೆಗಳನ್ನು ಕ್ರಮಸಂಖ್ಯೆಯ ಸಮೇತ ಬರೆದು, ಲೊಕೇಶನ್ ಜೊತೆಗೆ ಕಳುಹಿಸಿದೆ. ಬಾಮೈದನಿಗೆ ವಹಿಸಿದ್ದು ಒಂದೇ ಕೆಲಸ: "ಪನ್ನೀರುದಾನಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರು. ದಾರಿ ವಿಷಯಕ್ಕೆ ಮಾತ್ರ ಬಾಯಿ ಬಿಡಬೇಡ!"

ಆ ದಿನ ಬೀಗರ ಫೋನು ಬಂತು: "ಸರ, ನಿಮ್ಮ ಏಳನೇ ಸೂಚನಾದಾಗ ರಸ್ತೇನ ಇಲ್ರಿ, ಅಗದ ಬಿಟ್ಟಾರ! ಲೊಕೇಶನ್ನು ಯಾವುದೋ ಗ್ವಾಡಿ ಮುಂದ ತಂದು ನಿಲ್ಲಿಸೇತ್ರಿ."

ರಾಹುಕಾಲಕ್ಕೆ ಇಪ್ಪತ್ತೇ ನಿಮಿಷ. ಮಗಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಬಾಗಿಲಿಗೆ ಓಡಿದರೆ ಪನ್ನೀರುದಾನಿ ಕುರ್ಚಿಯ ಮೇಲೆ ಕುಳಿತಿದೆ, ಹಿಡಿಯಬೇಕಾದವನೇ ನಾಪತ್ತೆ! ಈ ಮನುಷ್ಯನಿಗೆ ನಿಲ್ಲುವ ಕೆಲಸವೂ ಬಾರದೇ?

ಇನ್ನು ಎಂಟು ನಿಮಿಷವಿದೆ ಎನ್ನುವಾಗ ಕಾರುಗಳು ಬಂದವು. ಬೀಗರು ಇಳಿಯುತ್ತಲೇ ನಕ್ಕರು: "ಮೂಲ್ಯಾಗ ಒಬ್ರು ಬಿಸಿಲಾಗ ನಿಂತು ಎರಡೂ ಕೈ ಬೀಸಿ ದಾರಿ ತೋರಿಸಿದ್ರು ನೋಡ್ರಿ. ಏನ್ ಕೇಳಿದ್ರೂ ಬಾಯಿ ಮಾತ್ರ ಬಿಡಲಿಲ್ರಿ!"

ತಾಂಬೂಲ ಬದಲಾಯಿತು. ಅಜ್ಜಿ ಕುಳಿತೇ ಇದ್ದರು. ಎಲ್ಲ ಮುಗಿದ ಮೇಲೆ ಬೆವರಿನಲ್ಲಿ ತೊಯ್ದ ರೇಷ್ಮೆ ಅಂಗಿಯಲ್ಲಿ ಬಾಮೈದ ಒಳಬಂದ.

"ಎಲ್ಲಿ ಹಾಳಾಗಿ ಹೋಗಿದ್ದೆ?"

"ಬೆಳಗ್ಗೆಯಿಂದ ರಸ್ತೆ ಅಗೀತಿದ್ರು ಭಾವ. ಅವ್ರು ಹುಣಸೆಮರದ ಹತ್ರಾನೇ ತಿರುಗಬೇಕಿತ್ತು."

"ಆ ಮರ ಇಲ್ಲವಲ್ಲಯ್ಯಾ!"

"ಇಲ್ವಲ್ಲ. ಅದಕ್ಕೇ ನಾನೇ ನಿಂತ್ಕೊಂಡೆ."

ಗಡಿಬಿಡಿಯಲ್ಲಿ ಬೀಗರಿಗೂ ಚಿಮುಕಿಸದೆ ಉಳಿದಿದ್ದ ಪನ್ನೀರುದಾನಿಯನ್ನು ಎತ್ತಿಕೊಂಡೆ. ಬಿಸಿಲಿಗೆ ಕಾದಿದ್ದ ಅವನ ತಲೆಯ ಮೇಲೆ ಅದು ಖಾಲಿಯಾಗುವವರೆಗೂ ಚಿಮುಕಿಸಿದೆ.